ಎರಡು ಬಾಗಿಲುಗಳ ನಡುವೆ ಅಮ್ಮ

ಸ್ಮಶಾನದಿಂದ ಬಂದ ಬಸ್ಸು ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನ ಏರುರಸ್ತೆಯಲ್ಲಿ ಎಲ್ಲರನ್ನೂ ಇಳಿಸಿ ಹೋಯಿತು. ಅಮ್ಮನ ಫೋಟೋ ಎದೆಗವಚಿಕೊಂಡು ಕೊನೆಗೆ ಇಳಿದವನು ಕಿರಿಯ ಮಗ ಕಾಮ್‌ಚುನ್. ಫೋಟೋ ಹಿಡಿಯುವುದು ಹಿರಿಯ ಮಗನ ಕೆಲಸ. ಆದರೆ ಅಣ್ಣ ಹೋಕ್‌ಮಿಂಗ್ ಹಿಡಿದರೆ ತಾನು ಬರುವುದೇ ಇಲ್ಲ ಎಂದು ಅಕ್ಕ ಯುಕ್‌ಲಿನ್ ಪಟ್ಟು ಹಿಡಿದಿದ್ದಳು. ಐವತ್ತು ದಾಟಿದರೂ ಕಾಮ್‌ಚುನ್ ಆ ಮನೆಯಲ್ಲಿ ಚಿಕ್ಕವನೇ. ಬಗೆಹರಿಯದ್ದೆಲ್ಲ ಅವನ ಕೊರಳಿಗೇ.

ಮಣ್ಣು ಮಾಡಿ ಬಂದವರು ಊಟ ಮಾಡದೆ ಮನೆಗೆ ಹೋಗುವಂತಿಲ್ಲ. ಏಳು ಬಗೆ ಬಡಿಸಬೇಕು, ಫೋಟೋದ ಮುಂದೆ ಸತ್ತವರಿಗೂ ಒಂದು ಬಟ್ಟಲಿಡಬೇಕು. ಫೋಟೋ ಹೋದ ಕಡೆಯೇ ಎಲ್ಲರ ಊಟ. ಆದರೆ ಊಟ ಎರಡು ಕಡೆ ಸಿದ್ಧವಾಗಿತ್ತು! ಅಣ್ಣ ‘ಒಂಬತ್ತು ಮೀನು’ ಹೋಟೆಲಿನಲ್ಲಿ ಹೇಳಿದ್ದ, ಅಕ್ಕ ಅದರ ಎದುರಿನ ‘ಹಸಿರು ಗೋಪುರ’ದಲ್ಲಿ. ಎರಡೂ ಜನ ಸಾಲುಗಟ್ಟಿ ಕಾಯುವ ಹೋಟೆಲುಗಳೇ. ಅಮ್ಮ ಯಾರ ಮನೆಯಲ್ಲಿರಬೇಕು ಎಂಬ ಜಗಳದಲ್ಲಿ ಮಾತು ಬಿಟ್ಟ ಈ ಮಹಾನುಭಾವರು, ಅವಳು ಕಾಮ್‌ಚುನ್‌ನ ಒಂದೇ ಕೋಣೆಯ ಮನೆಯಲ್ಲಿ ಕಣ್ಣು ಮುಚ್ಚಿದ ಮೇಲೂ ಮಾತಾಡಿರಲಿಲ್ಲ.

“ಬಾರೋ ಇಲ್ಲಿ,” ಅಣ್ಣ ತನ್ನ ಬಾಗಿಲಿಂದ ಕೂಗಿದ. “ಇಲ್ಲಿಯ ಮೀನು ತಿಂದು, ಇಂಥದ್ದು ಎಲ್ಲೂ ತಿಂದಿಲ್ಲ ಅಂತಿದ್ಲು ಅಮ್ಮ.”

“ಹಾಗಂತಿದ್ದಿದ್ದು ಇಲ್ಲಿಯ ಬಾತುಕೋಳಿಗೆ,” ಅಕ್ಕ ಎದುರು ಬಾಗಿಲಿಂದ ಅಂದಳು. “ಕಾಮ್‌ಚುನ್, ಅಮ್ಮನ್ನ ಒಳಗೆ ಕರ್ಕೊಂಬಾ.”

ಇಬ್ಬರದೂ ನಿಜ. ಎರಡು ಕಡೆಯೂ ಅಮ್ಮ ಹಾಗೇ ಹೊಗಳುತ್ತಿದ್ದಳು, ಒಳ್ಳೊಳ್ಳೆಯ ತುಂಡುಗಳನ್ನೆಲ್ಲ ಮಕ್ಕಳ ಬಟ್ಟಲಿಗೆ ಹಾಕಿ, ಹಸಿದು ಕಾಮ್‌ಚುನ್‌ನ ಮನೆಗೆ ಬಂದು “ಗಂಜಿ ಇದ್ಯೇನೋ?” ಎನ್ನುತ್ತಿದ್ದಳು. ಇದನ್ನು ಈಗ ಹೇಳಿ ಏನು ಪ್ರಯೋಜನ?

ಈ ಬಾಗಿಲು ಹೊಕ್ಕರೆ ಅಕ್ಕ ಇಲ್ಲ, ಆ ಬಾಗಿಲು ಹೊಕ್ಕರೆ ಅಣ್ಣ ಇಲ್ಲ. ಅಮ್ಮನನ್ನು ಮಣ್ಣಿಗಿಟ್ಟ ದಿನವೇ ಇನ್ನೊಬ್ಬರನ್ನು ಕಳೆದುಕೊಳ್ಳುವ ಶಕ್ತಿ ಅವನಲ್ಲಿರಲಿಲ್ಲ. ಕಾಲು ಕೀಳಲಾಗದೆ ಬೀದಿಯಲ್ಲೇ ನಿಂತ.

“ಬೇಗ ಹೇಳಪ್ಪಾ, ನಂದು ಸಕ್ಕರೆ ಕಾಯಿಲೆ,” ಎಂದರು ಚಿಕ್ಕಪ್ಪ. ಕಾದು ಕಾದು ಅವರು ಮೂಲೆಯ ಬೇಕರಿಗೆ ನುಗ್ಗಿದರು. ಅವರ ಹಿಂದೆ ಇನ್ನಿಬ್ಬರು ಹೋದರು. ಸ್ವಲ್ಪ ಹೊತ್ತಿನಲ್ಲಿ ಬಂಧುಬಳಗವೆಲ್ಲ ಬೇಕರಿಯ ಮುಂದೆ ನಿಂತು ಬನ್ನು ತಿನ್ನುತ್ತಿತ್ತು.

ಅದನ್ನು ಕಂಡದ್ದೇ ಅಣ್ಣ ದಡದಡ ಬೀದಿಗಿಳಿದು ಬಂದ. “ನಿಂಗೆ ಬುದ್ಧಿ ಇದ್ಯೇನೋ? ಅಮ್ಮನ ಊಟಾನೇ ಕೆಡಿಸ್ಬಿಟ್ಟಲ್ಲೋ!”

“ಚೆನ್ನಾಗಿ ಹೇಳು ಅಣ್ಣ,” ಅಕ್ಕನೂ ಬಂದು ಹೋಕ್‌ಮಿಂಗ್‌ನ ಪಕ್ಕದಲ್ಲೇ ನಿಂತಳು. “ಹುಟ್ಟಿದಾಗಿಂದ ಹೀಗೇ ಇವನು. ನಿನ್ ಮದುವೇಲಿ ಯಾವ ಬೂಟು ಹಾಕ್ಕೋಬೇಕು ಅಂತ ಗೊತ್ತಾಗ್ದೆ ಅತ್ತಿದ್ದ.”

“ಹೂಂ ಮತ್ತೆ! ಕೊನೆಗೆ ನನ್ ಬೂಟೇ ಹಾಕ್ಕೊಂಡು ಬಂದ. ನಾನು ಚಪ್ಪಲೀಲಿ ಮದುಮಗ!”

ಯುಕ್‌ಲಿನ್ ನಕ್ಕೇ ಬಿಟ್ಟಳು. ಹೋಕ್‌ಮಿಂಗ್‌ನ ತುಟಿಯಂಚೂ ಅಲುಗಿತು. ತಾವು ಯಾರೊಂದಿಗೆ ಮಾತಾಡುತ್ತಿದ್ದೇವೆ ಎಂಬುದು ಇಬ್ಬರಿಗೂ ಆಮೇಲೆ ಹೊಳೆಯಿತು. ಅವಳು ಮುಡಿಯಲ್ಲಿದ್ದ ಸೂತಕದ ಬಿಳಿ ಹೂವನ್ನು ಸುಮ್ಮನೆ ಸರಿಪಡಿಸಿಕೊಂಡಳು. ಅವನು ಗಂಟಲು ಸರಿಮಾಡಿಕೊಂಡು ತನ್ನ ಹೋಟೆಲಿನ ಬಾಗಿಲ ಕಡೆ ನೋಡಿದ. ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

ಕಾಮ್‌ಚುನ್ ಫೋಟೋವನ್ನು ಅವರಿಬ್ಬರಿಗೂ ಕಾಣುವಂತೆ ಎತ್ತಿ ಹಿಡಿದ.

“ಹೋಗ್ಬೇಡಿ,” ಎಂದ. “ಇನ್ನೂ ಸ್ವಲ್ಪ ಬೈಯ್ರಿ ನಂಗೆ. ಇಲ್ಲೇ ನಿಂತ್ಕೊಂಡು ಇನ್ನೂ ಸ್ವಲ್ಪ ಬೈಯ್ರಿ.”