ಉಗ್ರಾಣಕ್ಕೆ ಬಿದ್ದ ಸೂರ್ಯ

ಬಾನು ನೋಡುವವರ ಆ ಮನೆಯಲ್ಲಿ ಎಡಗಣ್ಣು ಚಂದ್ರನಿಗೆ, ಅಲೆದಾಡುವ ಚುಕ್ಕೆಗಳಿಗೆ, ಬಲಗಣ್ಣು ಸೂರ್ಯನಿಗೆ. ಅಜ್ಜನ ಅಜ್ಜನ ಕಾಲದಿಂದ ನಡೆದುಬಂದ ಏರ್ಪಾಡು. ಗ್ರಹಣದ ದಿನ ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಲಗಣ್ಣಿನಲ್ಲಿ ಸೂರ್ಯನನ್ನೇ ದಿಟ್ಟಿಸಬೇಕು, ಬಿಂಬದ ಹನ್ನೆರಡು ಪಾಲಿನಲ್ಲಿ ಎಷ್ಟು ಮುಚ್ಚಿತೆಂದು ಊರಿಗೆ ಹೇಳಬೇಕು. ಮುಂದಿನ ಗ್ರಹಣದ ಲೆಕ್ಕವೆಲ್ಲ ಆ ಮಾತಿನ ಮೇಲೆಯೇ ನಿಲ್ಲುವುದು. ಮಾರನೆಯ ಬೆಳಿಗ್ಗೆ ಊರ ಹಿರಿಯ ಬಂದು ಆ ಬಲಗಣ್ಣಿನ ಮುಂದೆ ಬೆರಳು ಹಿಡಿಯುತ್ತಿದ್ದ. ಎಣಿಸಲಾರದೆ ಹೋದರೆ, ನೋಡಿದ್ದು ನಿಜ.

ಅಪ್ಪ ತನ್ನದನ್ನು ಎಂದೋ ಕೊಟ್ಟಾಗಿತ್ತು. ಈ ಸಲ ಒಬ್ಬಳೇ ಮಗಳು ಗುಬ್ಬಿಯ ಸರದಿ.

"ಏ ಗುಬ್ಬಿ, ಮದುವೆಯಾದ್ಮೇಲೆ ಗಂಡನ್ನ ಎಡಗಡೆನೇ ಕೂರಿಸ್ಕೋ," ಎಂದು ಎದುರುಮನೆಯ ಕುಂಬಾರಗಿತ್ತಿ ಮಣ್ಣು ತುಳಿಯುತ್ತಲೇ ಕೂಗಿದಳು. "ಬಲಗಡೆ ಕೂತ್ರೆ ಯಾವಳಾದ್ರೂ ಎತ್ಕೊಂಡು ಹೋದ್ರೂ ನಿಂಗೆ ಗೊತ್ತಾಗಲ್ಲ!"

ಗುಬ್ಬಿ ನಕ್ಕಳು. ಅವಳಿಗೊಂದು ಧೈರ್ಯವಿತ್ತು. ಕಾಳು ತುಂಬುವ ಕತ್ತಲೆಯ ಉಗ್ರಾಣದಲ್ಲಿ ಹೆಂಚೊಂದು ಸೀಳಿ ತೂತಾಗಿತ್ತು. ತೂತು ಮೂರುಮೂಲೆಯದು, ನೆಲಕ್ಕೆ ಬೀಳುವ ಬೆಳಕು ಮಾತ್ರ ದುಂಡಗೆ. ಮೋಡ ಬಂದರೆ ಆ ದುಂಡಿನ ಮೇಲೂ ಮೋಡ ಹಾಯುತ್ತಿತ್ತು. ಅದು ಬರೀ ಬೆಳಕಲ್ಲ, ಸೂರ್ಯನೇ ಎಂದು ಅವಳಿಗೆ ಖಾತ್ರಿಯಾಗಿತ್ತು.

ಗ್ರಹಣದ ದಿನ ಹೊರಗೆ ಜನ ಸೇರುತ್ತಿದ್ದಂತೆ ಅಪ್ಪನನ್ನು ಉಗ್ರಾಣಕ್ಕೆ ಎಳೆದುಕೊಂಡು ಹೋದಳು. ನೆಲದ ಮೇಲಿನ ಸೂರ್ಯನ ಅಂಚು ಆಗಲೇ ಕಚ್ಚಿಹೋಗಿತ್ತು.

"ನೋಡಪ್ಪ, ಕಚ್ಚಿದ ಜಾಗನೂ ದುಂಡಗೇ ಇದೆ. ಚಂದ್ರನೇ ಅಡ್ಡ ಬರ್ತಿರೋದು. ಇಲ್ಲೇ ಅಳೀಬಹುದು."

ಅಪ್ಪ ಕುಕ್ಕರುಗಾಲಲ್ಲಿ ಕೂತ. ಇದ್ದಿಲಿನಿಂದ ಬೆಳಕಿನ ಸುತ್ತ ಗೆರೆ ಎಳೆದ, ಅದನ್ನು ಹನ್ನೆರಡು ಪಾಲು ಮಾಡಿದ. ತಲೆಯೆತ್ತಿ ಹೆಂಚು ನೋಡಿದ.

"ಈ ತೂತು ಯಾವಾಗಿಂದ ಇದೆ?"

"ನಾನು ಈ ಮನೆಗೆ ಬಂದಾಗಲೇ ಇತ್ತು," ಎಂದಳು ಬಾಗಿಲಲ್ಲಿ ನಿಂತಿದ್ದ ಅಮ್ಮ. "ಏನೀಗ? ಮಗು ಕಣ್ಣು ಉಳೀತಲ್ಲ!"

ಅಪ್ಪನ ಕೈ ತಾನಾಗಿ ತನ್ನ ಬಲಗಣ್ಣಿಗೆ ಹೋಯಿತು. ಅವನ ಕಣ್ಣು ಹೋದದ್ದು ಅಮ್ಮ ಬಂದ ಮೇಲೆ.

"ನಮ್ಮಪ್ಪ, ಅವರಪ್ಪ, ನಾನು, ಎಲ್ಲ ಮುಠ್ಠಾಳರು ಅಂತ ಆಯ್ತು ಹಾಗಾದ್ರೆ," ಎಂದ ಮೆಲ್ಲಗೆ. "ಉಗ್ರಾಣದಲ್ಲಿ ಕೂತು ನೋಡ್ದೆ ಅಂದ್ರೆ ಯಾರು ನಂಬ್ತಾರೆ? ನಡಿ."

"ಅಪ್ಪ, ಬೇಡಪ್ಪ—"

ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದ. ಎಡಗಣ್ಣಿಗೆ ಬಟ್ಟೆ ಬಿಗಿದ. ಅವಳು ಬಲಗಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡಾಗ, ಎಳೆಗೂಸಿಗೆ ಕಾಡಿಗೆ ಹಚ್ಚುವವನಂತೆ ಗಲ್ಲ ಎತ್ತಿ ಹಿಡಿದು, ಹೆಬ್ಬೆರಳಿನಿಂದ ರೆಪ್ಪೆ ಬಿಡಿಸಿದ. ಗ್ರಹಣ ತನ್ನ ತುದಿಗೇರುವವರೆಗೂ ಬಿಡಲಿಲ್ಲ. ಗುಬ್ಬಿ ಮೊದಲು ಕಿರುಚಿದಳು. ಆಮೇಲೆ ಬರೀ ಏದುಸಿರು.

"ಎಷ್ಟು ಪಾಲಮ್ಮ?" ಎಂದ ಹಿರಿಯ.

ಅವಳಿಗೆ ದನಿಯೇ ಹೊರಡಲಿಲ್ಲ.

"ನೀರು ತರ್ತೀನಿ," ಎಂದು ಅಪ್ಪ ಒಳಗೆ ಹೋದ. ಉಗ್ರಾಣದ ಬಾಗಿಲು ಕಿರುಗುಟ್ಟಿತು. ಚೊಂಬು ಹಿಡಿದು ಬಂದವನೇ ಅವಳ ಬಾಯಿಯ ಹತ್ತಿರ ಕಿವಿಯಿಟ್ಟು ತಲೆಯಾಡಿಸಿದ. "ಏಳು ಅಂತಿದಾಳೆ."

ಚೊಂಬಿನ ಮೇಲೆ ಇದ್ದಿಲಿನ ಬೆರಳ ಗುರುತು ಮೂಡಿತ್ತು. ಅಮ್ಮ ಅದನ್ನು ನೋಡಿದಳು, ಸೆರಗಿನಿಂದ ಒರೆಸಿದಳು.

ಸಂಜೆಗೆ ಅಪ್ಪ ಕುಂಬಾರಗಿತ್ತಿಯಿಂದ ಒಂದು ಹಿಡಿ ಮಣ್ಣು ಕೇಳಿ ತಂದು, ಏಣಿ ಹತ್ತಿ, ಹೆಂಚಿನ ತೂತು ಮೆತ್ತಿದ. "ಮಳೆಗೆ ಸೋರುತ್ತೆ," ಎಂದ, ಯಾರೂ ಕೇಳದಿದ್ದರೂ.

ಬೆಳಿಗ್ಗೆ ಹಿರಿಯ ಬಂದ. ಗುಬ್ಬಿಯ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಿನ ಮುಂದೆ ಕೈ ಹಿಡಿದ. ಅವಳಿಗೆ ಅವನ ತೋಳು ಕಂಡಿತು, ಅಂಗಳದ ಅಂಚು ಕಂಡಿತು. ಬೆರಳುಗಳಿರಬೇಕಾದ ಕಡೆ ಕಪ್ಪು ದುಂಡೊಂದು ನಿಂತಿತ್ತು.

"ಎಷ್ಟು?"

"ಗೊತ್ತಾಗ್ತಿಲ್ಲ, ಅಜ್ಜ."

ಹಿರಿಯ ಸಮಾಧಾನದಿಂದ ಅವಳ ತಲೆ ಸವರಿದ. ಅಪ್ಪನ ಕಡೆ ತಿರುಗಿ, "ಏಳು ಪಾಲೇ ಸರಿ," ಎಂದ.