ಕುರಿ ಮೇಯ್ದ ಟೇಬಲ್ ರೋಜ್

ಕೊಟ್ಟೂರಿನ ಅಂಚಿನಲ್ಲಿ ಪುಷ್ಪಲತಾ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಿರಣಿಯ ಮುಂದೆ ಕೆಮ್ಮಣ್ಣಿನ ಇಳಿಜಾರು. ಗಾಳಿ ಬೀಸಿದರೆ ದೂಳೆಲ್ಲ ಒಳಗೆ ಬರುತ್ತಿತ್ತು. ಜೋಳ ತಂದವರು ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದರು. ಎರಡು ಸಲ ಹುಲ್ಲು ಹಾಕಿಸಿದಳು, ಎರಡು ಸಲವೂ ಒಣಗಿತು.

ಹೊಳಲಿಗೆ ಅಕ್ಕನ ಮನೆಗೆ ಹೋದಾಗ ಅಂಗಳದ ತುಂಬ ಟೇಬಲ್ ರೋಜ್ ಹಬ್ಬಿತ್ತು. ಗುಲಾಬಿ, ಹಳದಿ, ಕೇಸರಿ ಹೂಗಳು.

“ಇದಕ್ಕ ಬಾಳ ನೀರು ಬೇಕಾಗಂಗಿಲ್ಲ, ಬಿಸಲಿದ್ರ ಸಾಕು. ಚಿವುಟಿ ನೆಟ್ರ ಹತ್ತತೈತಿ” ಎಂದು ಅಕ್ಕ ಒಂದು ಚೀಲ ತುಂಡು ಕಟ್ಟಿಕೊಟ್ಟಳು.

ಪುಷ್ಪಲತಾ ಗೇಣಿಗೊಂದರಂತೆ ನೆಟ್ಟಳು. ಎರಡೇ ತಿಂಗಳಲ್ಲಿ ಅರ್ಧ ಇಳಿಜಾರು ಹಸಿರಾಯಿತು. ಮೊದಲ ಹೂ ಅರಳಿದ ದಿನ ಗಿರಣಿಗೆ ಬಂದವರನ್ನೆಲ್ಲ ಕರೆದು ತೋರಿಸಿದಳು.

ಅದೇ ವಾರ ಹತ್ತಿರದ ಹಟ್ಟಿಯ ಮುದುಕಿ ತಿಪ್ಪೇರುದ್ರಮ್ಮನ ಕುರಿಗಳು ನುಗ್ಗಿದವು. ಗಿರಣಿಯ ಸದ್ದಿನಲ್ಲಿ ಪುಷ್ಪಲತಾಳಿಗೆ ಏನೂ ಕೇಳಿಸಲಿಲ್ಲ. ಹೊರಬಂದು ನೋಡಿದರೆ ಹೂವಿಲ್ಲ, ಎಲೆಯಿಲ್ಲ, ಬರೀ ತುಳಿದ ಮಣ್ಣು.

“ಯಮ್ಮಾ, ಕಣ್ಣು ಎಲ್ಲಿಟ್ಟಿದ್ದಿ? ಕೂಸಿನಂಗ ನೋಡಿಕೊಂಡಿದ್ನೆಲ್ಲ!”

“ತಪ್ಪಾತವ್ವ. ಲಾರಿ ಹಾರನ್ನಿಗೆ ಬೆದರಿ ಬಂದ್ವು” ಎಂದು ಮುದುಕಿ ಕೋಲೂರಿ ನಿಂತಳು. “ಎಲಿ ಹಂಗ ಐತೆಲ್ಲ, ಹೊಲದಾಗಿನ ಗೋಣಿಸೊಪ್ಪು ಅಂದ್ಕೊಂಡ್ವು ಕಾಣತೈತಿ.”

ಸಿಟ್ಟಿನಲ್ಲೂ ಪುಷ್ಪಲತಾಳಿಗೆ ನಗು ಬಂತು. ಆದರೂ ಮುಖ ತಿರುಗಿಸಿ ಒಳಗೆ ಹೋದಳು. ಮರುದಿನದಿಂದ ಆ ಕಡೆ ನೋಡುವುದನ್ನೇ ಬಿಟ್ಟಳು.

ನಾಲ್ಕು ದಿನಕ್ಕೆ ಒಂದು ಹದ ಮಳೆ ಬಿತ್ತು. ಹತ್ತು ದಿನದ ಮೇಲೆ ಕಸ ಚೆಲ್ಲಲು ಹೋದವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಕುರಿಗಳು ತಿನ್ನದೆ ಉಳಿಸಿದ ತುಂಡುಗಳೆಲ್ಲ ಗೊರಸಿನಡಿ ಮಣ್ಣಿಗಿಳಿದು ಚಿಗುರಿದ್ದವು. ಅವಳು ನೆಡದ ಕಡೆಯೂ ಚಿಗುರು! ಕುರಿ ಹಿಕ್ಕೆ ಬಿದ್ದಲ್ಲಂತೂ ದಟ್ಟ.

ತಿಂಗಳು ಕಳೆಯುವುದರೊಳಗೆ ಇಳಿಜಾರೆಲ್ಲ ಮುಚ್ಚಿಹೋಯಿತು. ದೂಳು ನಿಂತಿತು. ಪುಷ್ಪಲತಾ ತಾನೇ ಹಟ್ಟಿಗೆ ಹೋಗಿ ತಿಪ್ಪೇರುದ್ರಮ್ಮನನ್ನು ಕೈ ಹಿಡಿದು ಕರೆತಂದಳು. ಬಿಸಿಲೇರಿ ಹೂಗಳೆಲ್ಲ ಬಾಯಿಬಿಟ್ಟಿದ್ದವು.

ಮುದುಕಿ ಬಹಳ ಹೊತ್ತು ನೋಡಿದಳು. “ನಮ್ಮವು ತಿಂದಿದ್ದು ಇದನ್ನೇನವ್ವ? ನನಗೂ ಒಂದು ಹಿಡಿ ಕೊಡು, ಹಟ್ಟಿ ಮುಂದ ಹಾಕ್ತೀನಿ.”

“ಕೊಡ್ತೀನಿ. ಮೊದಲು ಬೇಲಿ ಹಾಕು, ಯಮ್ಮಾ.”

“ಬೇಲಿ ಯಾಕ? ತಿಂದ್ರ ಇನ್ನೂ ಜಾಸ್ತಿ ಆಗತೈತೆಲ್ಲ!”

ಪುಷ್ಪಲತಾ ಜೋರಾಗಿ ನಗುತ್ತ ಬಗ್ಗಿ, ಮುದುಕಿಯ ಮಡಿಲ ತುಂಬ ತುಂಡುಗಳನ್ನು ಚಿವುಟಿ ಹಾಕಿದಳು.