ಮನೆ ನೋಡಲು ಬಂದವರು

ದನದ ಡಾಕ್ಟರಿಗೆ ಹೆಣ್ಣು ಕೊಡುವವರಿಲ್ಲ ಎನ್ನುವುದು ಸುಳ್ಳು. ಕೊಡಲು ಬಹಳ ಜನ ಮುಂದೆ ಬರುತ್ತಾರೆ. ಮನೆ ನೋಡಲು ಬಂದ ದಿನ ಹಿಂದೆ ಸರಿಯುತ್ತಾರೆ. ಪುಣೆಯ ಹತ್ತಿರ, ಸಾಸವಡದಾಚೆಯ ಹಳ್ಳಿಯಲ್ಲಿ ಸರಕಾರಿ ಪಶುವೈದ್ಯನಾಗಿದ್ದ ಬಿಂದುಮಾಧವನಿಗೆ ಇದು ಅನುಭವದಿಂದ ಗೊತ್ತಿತ್ತು. ಅವನ ಕ್ವಾರ್ಟರ್ಸಿಗೂ ದವಾಖಾನೆಗೂ ನಡುವೆ ಒಂದೇ ಗೋಡೆ. ಹೆಣ್ಣಿನ ಕಡೆಯವರು ಚಹಾದ ಕಪ್ಪು ಬಾಯಿಗಿಡುವುದಕ್ಕೂ ಆಚೆಗಿನ ಎಮ್ಮೆ ತನ್ನ ಕೆಲಸ ಮುಗಿಸುವುದಕ್ಕೂ ಸರಿಹೋಗುತ್ತಿತ್ತು.

ಈ ಸಲ ಮಾತ್ರ ಅವನಿಗೆ ನಿಜವಾದ ಹೆದರಿಕೆ, ಏಕೆಂದರೆ ಹುಡುಗಿ ಮನಸ್ಸಿಗೆ ಹಿಡಿಸಿಬಿಟ್ಟಿದ್ದಳು. ಪುಣೆಯ ಶಿವಾಜಿನಗರದಲ್ಲಿ ಗುಮಾಸ್ತರಾಗಿದ್ದ ಧಾರವಾಡದ ಶ್ರೀಪಾದರಾಯರ ಮಗಳು ಕೇತಕಿ, ಹೆಣ್ಣು ನೋಡಲು ಹೋದ ದಿನ ಎಲ್ಲರೆದುರು ತಲೆಯೆತ್ತಿ, ಎಮ್ಮೆಗೂ ನೆಗಡಿಯಾಗುತ್ತದೆಯೇ ಎಂದು ಕೇಳಿದ್ದಳು. ಅವನು ಉಪ್ಪಿಟ್ಟು ಆರಿಹೋಗುವ ತನಕ ಉತ್ತರ ಹೇಳಿದ್ದ, ಅವಳು ಪೂರ್ತಿ ಕೇಳಿದ್ದಳು. ಅಂದಿನಿಂದ ಅವನಿಗೆ ಎತ್ತಿಗೆ ಸೂಜಿ ಚುಚ್ಚುವಾಗಲೂ ಅವಳದೇ ಧ್ಯಾನ.

ಆದರೆ ಆ ಮನೆಯಲ್ಲಿ ನಡೆಯುವುದು ರಾಯರ ಮಾತಲ್ಲ, ಅವರ ಹೆಂಡತಿ ಭಾಮಾಬಾಯಿಯವರದು. ಗಂಡನ ಭುಜಕ್ಕೂ ಬಾರದ ಭಾಮಾಬಾಯಿಯವರ ಮಡಿ ಮೈಲಿಗೆಗೆ ಹತ್ತು ಬಿಡಾರಗಳ ಇಡೀ ವಾಡೆ ಹೆದರುತ್ತಿತ್ತು. ಮನೆ ನೋಡದೆ ಏನೂ ಹೇಳುವುದಿಲ್ಲ ಎಂದು ಅವರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಬಿಂದುಮಾಧವನ ತಾಯಿ ಅಂಬಾಬಾಯಿ ಎರಡು ದಿನ ಮೊದಲೇ ಧಾರವಾಡದಿಂದ ಬಂದಿಳಿದು ಮನೆಯನ್ನು ಫಿನಾಯಿಲಿನಲ್ಲಿ ಮೀಯಿಸಿದರು. ಊದಿನಕಡ್ಡಿಯ ಹೊಗೆಗೆ ಹಲ್ಲಿಗಳೂ ಜಾಗ ಬಿಟ್ಟವು. ರವಿವಾರ ಬೆಳಿಗ್ಗೆ ಮಗನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ, ಇವತ್ತು ಒಂದು ಪ್ರಾಣಿಯನ್ನೂ ಮುಟ್ಟುವುದಿಲ್ಲ ಎಂದು ದೇವರ ಮುಂದೆ ಆಣೆ ಹಾಕಿಸಿಕೊಂಡರು.

ಬೀಗರು ಪುಣೆಯ ಸ್ವಾರಗೇಟದಿಂದ ಬಸ್ಸು ಹಿಡಿದು ಬಂದರು. ಮನೆ ನೋಡಲು ಹುಡುಗಿ ಬರುವ ಪದ್ಧತಿ ಇಲ್ಲ. ಕೇತಕಿ ಯಾರನ್ನೂ ಕೇಳದೆ ಬಸ್ಸು ಹತ್ತಿದ್ದಳು. ಭಾಮಾಬಾಯಿ ಹೊಸ್ತಿಲಲ್ಲೇ ನಿಂತು ಗಾಳಿಯನ್ನು ಪರೀಕ್ಷಿಸಿ, ಇರಕಲ್ ಸೀರೆಯ ಸೆರಗನ್ನು ಮೂಗಿಗೆ ಒತ್ತಿ ಹಿಡಿದರು. ಚಹಾ ತಮಗೆ ನಡೆಯುವುದಿಲ್ಲ ಎಂದರು. ಅಂಬಾಬಾಯಿಯವರ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಕೆಳಗಿನ ಓಣಿಯ ಹೌಸಾಬಾಯಿ ಕೈಗಾಡಿಯಲ್ಲಿ ಆಡನ್ನು ಮಲಗಿಸಿಕೊಂಡು, ಮರಾಠಿಯಲ್ಲಿ ಗೋಳಾಡುತ್ತ ಅಂಗಳಕ್ಕೇ ಬಂದಳು. ಬೆಳಗಿನಿಂದ ಆಡಿಗೆ ನೋವು. ಮರಿಯ ಮುಂಗಾಲುಗಳು ಹೊರಗೆ ಕಾಣುತ್ತಿವೆ, ತಲೆ ಮಾತ್ರ ಬರುತ್ತಿಲ್ಲ. ಅಂಬಾಬಾಯಿ ಮಗನನ್ನು ಕಣ್ಣಲ್ಲೇ ಗದರಿಸಿದರು. ಬಿಂದುಮಾಧವ ಆಡಿನ ಕಣ್ಣು ನೋಡಿದ. ಆಣೆಯನ್ನು ದೇವರಿಗೇ ಬಿಟ್ಟು ಅಂಗಿಯ ತೋಳು ಮಡಚಿದ.

ತಲೆ ಹಿಂದಕ್ಕೆ ತಿರುಗಿಕೊಂಡಿತ್ತು, ಅದನ್ನು ಒಳಗೇ ನೇರ ಮಾಡಬೇಕಿತ್ತು. ಆದರೆ ಅವನ ಕೈ ಎಮ್ಮೆಗಾಗಿಯೇ ಹೇಳಿ ಮಾಡಿಸಿದ್ದು, ಆಡಿಗೆ ನಡೆಯುವಂಥದ್ದಲ್ಲ. ಇಂಥ ಹೊತ್ತಿನಲ್ಲಿ ಅವನು ಕರೆಯುತ್ತಿದ್ದದ್ದು ಹೌಸಾಬಾಯಿಯ ಸಣ್ಣ ಕೈಯ ಸೊಸೆಯನ್ನು. ಅವಳೋ ತನ್ನದೇ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ ಎಂದು ಹೌಸಾಬಾಯಿ ಎಲ್ಲರೆದುರು ಗೋಳಾಡಿದಳು.

ಕೇತಕಿ ಬಂದು ಪಕ್ಕದಲ್ಲೇ ಕೂತು, ತನ್ನ ಕೈ ನಡೆಯುತ್ತದೆಯೇ ಎಂದು ಚಾಚಿದಳು. ಕಾಲೇಜಿನಲ್ಲಿ ಥ್ರೋಬಾಲ್ ಆಡಿದ ಕೈ. ಅವನ ಕೈಗಿಂತ ಹೆಚ್ಚೇನೂ ಸಣ್ಣದಿರಲಿಲ್ಲ. ಅವಳು ತಿರುಗಿ ತಾಯಿಯತ್ತ ನೋಡಿದಳು. ಅವನೂ ನೋಡಿದ. ಮೂಗಿನ ಮೇಲೆ ಸೆರಗು ಹಿಡಿದಿದ್ದ ಭಾಮಾಬಾಯಿಯವರ ಕೈ ಶಾಲೆಗೆ ಹೋಗುವ ಹುಡುಗಿಯ ಕೈಯಷ್ಟೇ ಇತ್ತು. ಪುಣೆಯ ತುಳಶೀಬಾಗ ಪೇಟೆಯಲ್ಲಿ ಅವರಿಗೆ ಬಳೆ ಸಿಗುತ್ತಿದ್ದದ್ದು ಮಕ್ಕಳ ಅಂಗಡಿಯಲ್ಲಿ.

ಕೇಳಿದರೆ ಲಗ್ನ ಮುರಿಯುತ್ತದೆ, ಕೇಳದಿದ್ದರೆ ಆಡು ಸಾಯುತ್ತದೆ. ಬಿಂದುಮಾಧವನಿಗೆ ಅಳು ಬರುವ ಹಾಗಾಯಿತು. ಆದರೂ ಕೇಳಿದ.

"ಬಾಯಾರ, ನಿಮ್ಮ ಕೈಲೆ ಆಗೂ ಕೆಲಸ ಅದರಿ. ಇಲ್ಲಂದ್ರ ಮರೀನೂ ಉಳಿಯಂಗಿಲ್ಲ, ಆಡೂ ಉಳಿಯಂಗಿಲ್ಲ."

ಅಂಬಾಬಾಯಿ ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದರು. ಭಾಮಾಬಾಯಿ ಯಾರ ಮುಖವನ್ನೂ ನೋಡಲಿಲ್ಲ. ಸೆರಗನ್ನು ಮೂಗಿನಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿ, ಕೈಯ ಬಂಗಾರದ ಪಾಟಲಿ ಕಳಚಿ ಗಂಡನ ಅಂಗೈಯಲ್ಲಿಟ್ಟು, ಹಸಿರು ಬಳೆಗಳನ್ನು ಮೊಣಕೈಯತ್ತ ಏರಿಸಿ, ಸಾಬೂನು ಎಲ್ಲಿದೆ ಎಂದು ಕೇಳಿದರು.

ಅವರ ಕೈಗೆ ಎಣ್ಣೆ ಹಚ್ಚಿಸಿ ಬಿಂದುಮಾಧವ ಹೇಳುತ್ತ ಹೋದ. ನೋವು ತಗ್ಗಿದಾಗ ಮರಿಯನ್ನು ಮೆಲ್ಲಗೆ ಹಿಂದೆ ತಳ್ಳಬೇಕು, ಕುತ್ತಿಗೆ ಹಿಡಿದು ಹೋದರೆ ಕಿವಿ ಸಿಗುತ್ತದೆ, ಕಿವಿಯಿಂದ ಬಾಯಿಗೆ ಹೋಗಬೇಕು. ಭಾಮಾಬಾಯಿ ಕಣ್ಣು ಮುಚ್ಚಿ ಹುಡುಕಿದರು. ಕೇತಕಿ ಆಡಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಮ್ಮೆಲೇ ಭಾಮಾಬಾಯಿಯವರ ಮುಖವೇ ಬದಲಾಯಿತು.

"ಬೆರಳು ಚೀಪಲಿಕ್ಕತ್ತದರಿ," ಎಂದರು, ಪಿಸುದನಿಯಲ್ಲಿ. "ನನ್ನ ಬೆರಳು ಚೀಪಲಿಕ್ಕತ್ತದ."

ಮರಿ ಬದುಕಿತ್ತು. ಮೂತಿಯನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ಎಂದ ಬಿಂದುಮಾಧವನ ದನಿ ಅವನಿಗೇ ಕೇಳಿಸಲಿಲ್ಲ, ಭಾಮಾಬಾಯಿಯವರಿಗೆ ಕೇಳಿಸಿತ್ತು. ತಲೆ ತಿರುಗಿತು, ಕಪ್ಪು ಮರಿಯೊಂದು ಜಾರಿ ಬಂದು ಇರಕಲ್ ಸೀರೆಯ ಮಡಿಲಲ್ಲಿ ಬಿತ್ತು. ಅದರ ಹಿಂದೆಯೇ ಇನ್ನೊಂದು ಯಾರ ಸಹಾಯವನ್ನೂ ಬೇಡದೆ ಬಂತು. ಹೌಸಾಬಾಯಿ ಭಾಮಾಬಾಯಿಯವರ ಕಾಲಿಗೆ ಬಿದ್ದಳು. ರಾಯರು ಪಾಟಲಿ ಹಿಡಿದುಕೊಂಡು ಬಾಯಿ ತೆರೆದು ನಿಂತೇ ಇದ್ದರು. ಕೇತಕಿ ತನ್ನ ಓಢಣಿಯಿಂದ ಮರಿಯ ಮೂಗು ಒರೆಸುತ್ತ ಬಿಂದುಮಾಧವನನ್ನು ನೋಡಿ ನಕ್ಕಳು. ಅವನಿಗೆ ಆ ಕ್ಷಣಕ್ಕೆ ಬೇರೆ ಏನೂ ಬೇಡವೆನಿಸಿತು.

ಭಾಮಾಬಾಯಿ ಹಿತ್ತಿಲಲ್ಲಿ ಸ್ನಾನ ಮಾಡಿ, ಅಂಬಾಬಾಯಿಯವರ ಸೀರೆಯುಟ್ಟು ಬಂದು, ಎರಡು ಕಪ್ಪು ಚಹಾ ಕುಡಿದರು. ಸಂಬಂಧದ ಮಾತು ಮಾತ್ರ ಎತ್ತಲಿಲ್ಲ. ಬಸ್ಸಿನ ಹೊತ್ತಾದಾಗ ರಾಯರು, ಊರಿಗೆ ಹೋಗಿ ತಿಳಿಸುತ್ತೇವೆ ಎಂದರು. ಹಿಂದೆ ಬಂದವರೆಲ್ಲ ಹೀಗೇ ಹೇಳಿ ಬಸ್ಸು ಹತ್ತಿದ್ದರು. ಬಿಂದುಮಾಧವ ತಲೆ ತಗ್ಗಿಸಿದ.

ಭಾಮಾಬಾಯಿ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಈ ಕಡೆ ಆಡುಗಳು ಈಯುವುದು ಇನ್ನೆಷ್ಟು ದಿನ ನಡೆಯುತ್ತದೆ ಎಂದು ಬಿಂದುಮಾಧವನನ್ನು ಕೇಳಿದರು. ಹೋಳಿಯ ತನಕ ಎಂದು ಅವನು ತೊದಲಿದ.

"ಹಂಗಾರ ಲಗ್ನ ಹೋಳಿ ಆದಮ್ಯಾಲೆ ಇಟಗೊಳ್ಳೋಣು," ಎಂದರು ಭಾಮಾಬಾಯಿ. "ಹೌಸಾಬಾಯಿ ಸೊಸಿ ಊರಾಗಿಲ್ಲ. ಅಲ್ಲೀತನಕ ನನಗ ಇಲ್ಲೆ ಕೆಲಸ ಅದ."